ಚೆಂಡಿನ ಗುರುಗಳ ತದ್ವಿದ್ಯಸಂಭಾಷೆ

ವಿದ್ಯೆಯಲ್ಲಿ ಎರಡು ಬಗೆಯುಂಟು. ರಾಜನ ಮಂತ್ರಾಲೋಚನೆಯಂತೆ ಮುಚ್ಚಿಟ್ಟರೆ ಮಾತ್ರ ಫಲಿಸುವ ವಿದ್ಯೆ ಒಂದು. ವೈದ್ಯನ ಔಷಧಜ್ಞಾನದಂತೆ ಹಂಚಿದಷ್ಟೂ ಲೋಕಕ್ಕೆ ಹಿತವಾಗುವ ವಿದ್ಯೆ ಇನ್ನೊಂದು. ತನ್ನ ವ್ಯೂಹದ ಗುಟ್ಟನ್ನು ಶತ್ರುವಿನ ಶಿಬಿರಕ್ಕೆ ಹೋಗಿ ಹೇಳಿಬರುವ ಸೇನಾಪತಿಯನ್ನು ಯಾರೂ ಬುದ್ಧಿವಂತನೆನ್ನರು. ರೋಗಕ್ಕೆ ಮದ್ದನ್ನು ಕಂಡುಕೊಂಡೂ ಸಹವೈದ್ಯರಿಗೆ ಹೇಳದವನನ್ನು ಯಾರೂ ಸಜ್ಜನನೆನ್ನರು. ಚರಕಸಂಹಿತೆಯ ವಿಮಾನಸ್ಥಾನವು ವೈದ್ಯನು ವೈದ್ಯನೊಡನೆ ಮಾತನಾಡಬೇಕೆಂದು ವಿಧಿಸಿ, ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ನಡೆಸುವ ಆ ಮಾತುಕತೆಗೆ ತದ್ವಿದ್ಯಸಂಭಾಷೆ ಎಂಬ ಹೆಸರನ್ನು ಕೊಟ್ಟಿದೆ. ಸ್ನೇಹದಿಂದ ನಡೆಯುವುದು ಸಂಧಾಯಸಂಭಾಷೆ, ಗೆಲ್ಲುವ ಹಟದಿಂದ ನಡೆಯುವುದು ವಿಗೃಹ್ಯಸಂಭಾಷೆ ಎಂದು ಅದರಲ್ಲಿ ಎರಡು ಭೇದಗಳನ್ನೂ ಹೇಳಿದೆ. ಹೀಗಿರುವಲ್ಲಿ, ಒಬ್ಬನೇ ಮನುಷ್ಯನು ಸೇನಾಪತಿಯೂ ವೈದ್ಯನೂ ಆಗಿದ್ದರೆ ಅವನು ಯಾವ ಧರ್ಮವನ್ನು ಅನುಸರಿಸಬೇಕು?

ಈ ಪ್ರಶ್ನೆಯು ಬರಿಯ ಕಲ್ಪನೆಯದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲಿಸುವ ಗುರುವಿಗೆ ಕೋಚ್ ಎಂದು ಹೆಸರು. ಚಳಿಗಾಲವೆಲ್ಲ ಅವನು ಸೇನಾಪತಿ. ಐವರು ಹುಡುಗರನ್ನು ಕಟ್ಟಿಕೊಂಡು ಪ್ರತಿಕಕ್ಷಿಯ ಕಾಲೇಜನ್ನು ಸೋಲಿಸುವುದೇ ಅವನ ಕೆಲಸ, ಅದರಿಂದಲೇ ಅವನ ಜೀವನ. ಆದರೆ ಪಂದ್ಯಗಳ ಋತುವು ಮುಗಿಯಿತೆಂದರೆ ಅದೇ ಮನುಷ್ಯನು ನೂರಾರು ಕೋಚುಗಳು ನೆರೆದ ಸಭೆಗೆ ಹೋಗಿ, ಸೀಮೆಸುಣ್ಣವನ್ನು ಹಿಡಿದು ಕರಿಹಲಗೆಯ ಮುಂದೆ ನಿಂತು, ತಾನು ಗೆದ್ದ ಬಗೆಯನ್ನು ಗೆರೆಗೆರೆಯಾಗಿ ಬರೆದು ತೋರಿಸುತ್ತಾನೆ. ಕೇಳುವವರಲ್ಲಿ ಮುಂದಿನ ವರ್ಷ ಅವನನ್ನು ಸೋಲಿಸಬೇಕೆಂದಿರುವವರೂ ಇರುತ್ತಾರೆ. ಆ ಸಭೆಗೆ ಕ್ಲಿನಿಕ್ ಎಂದು ಹೆಸರು. ವೈದ್ಯಶಾಲೆಯ ಈ ಹೆಸರು ಆಟದ ಸಭೆಗೆ ಬಂದುದು ವಿಚಿತ್ರವೆನಿಸಬಹುದು. ಗ್ರೀಕ್ ಭಾಷೆಯಲ್ಲಿ ಹಾಸಿಗೆ ಎಂಬ ಅರ್ಥವುಳ್ಳ ಮಾತಿನಿಂದ ಹುಟ್ಟಿದ ಶಬ್ದವದು. ರೋಗಿಯ ಹಾಸಿಗೆಯ ಬಳಿಯಲ್ಲಿಯೇ ನಿಂತು ಶಿಷ್ಯರಿಗೆ ಪಾಠ ಹೇಳುವ ಕ್ರಮಕ್ಕೆ ಮೊದಲು ಸಂದಿದ್ದು, ಬಳಿಕ ಕಣ್ಣೆದುರು ಮಾಡಿ ತೋರಿಸುವ ಯಾವ ಪಾಠಕ್ಕಾದರೂ ಸಲ್ಲುವಂತಾಯಿತು. ಈ ಆಟದ ಮಟ್ಟಿಗೆ ಆ ಹೆಸರು ಇನ್ನೊಂದು ರೀತಿಯಲ್ಲಿಯೂ ಒಪ್ಪುವಂಥದು. ಇದರ ಆದ್ಯಾಚಾರ್ಯರಲ್ಲಿ ಮೂವರು ಚಿಕಿತ್ಸಾವಿದ್ಯೆಯನ್ನು ಓದಿದವರೇ ಆಗಿದ್ದರು.

ಅವರಲ್ಲಿ ಮೊದಲನೆಯವರು ಆಟವನ್ನು ಸೃಷ್ಟಿಸಿದ ಜೇಮ್ಸ್ ನೈಸ್ಮಿತ್ತರು. 1861ರಲ್ಲಿ ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡು, ಮಾಂಟ್ರಿಯಲ್ ನಗರದಲ್ಲಿ ಧರ್ಮಶಾಸ್ತ್ರವನ್ನು ಓದಿದವರು. ಉಪದೇಶದಿಂದ ಆಗದ ಕೆಲಸವು ಆಟದಿಂದ ಆದೀತೆಂದು ನಂಬಿ, ಮ್ಯಾಸಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕ್ರೈಸ್ತ ಯುವಕರ ಸಂಘವು, ಎಂದರೆ ವೈ. ಎಂ. ಸಿ. ಎ.ಯು, ನಡೆಸುತ್ತಿದ್ದ ಶಿಕ್ಷಣಶಾಲೆಯನ್ನು 1890ರಲ್ಲಿ ಸೇರಿದರು. ಮರುವರ್ಷ ಅಲ್ಲಿಯೇ ಉಪಾಧ್ಯಾಯರಾದರು. ಚಳಿಗಾಲದಲ್ಲಿ ಹಿಮ ಬಿದ್ದು ಬಯಲಿನ ಆಟ ನಿಂತಾಗ, ಮನೆಯೊಳಗಿನ ಕಸರತ್ತಿನಿಂದ ಬೇಸತ್ತ ಒಂದು ತರಗತಿಯು ಇಬ್ಬರು ಉಪಾಧ್ಯಾಯರನ್ನು ಸೋಲಿಸಿತ್ತು. ವಿಭಾಗದ ಮುಖ್ಯರಾಗಿದ್ದ ಲೂಥರ್ ಗ್ಯುಲಿಕ್ಕರು ಆ ತರಗತಿಯನ್ನು ನೈಸ್ಮಿತ್ತರಿಗೆ ಒಪ್ಪಿಸಿ, ಹದಿನಾಲ್ಕು ದಿನಗಳೊಳಗಾಗಿ ಹೊಸ ಆಟವೊಂದನ್ನು ಕಲ್ಪಿಸಬೇಕೆಂದರು. 1891ರ ಡಿಸೆಂಬರ್ 21ರಂದು, ನೆಲದಿಂದ ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆಯಿಸಿ, ಹದಿಮೂರು ನಿಯಮಗಳ ಕಾಗದವನ್ನು ಗೋಡೆಗೆ ಅಂಟಿಸಿ, ಹದಿನೆಂಟು ಹುಡುಗರನ್ನು ಒಂಬತ್ತೊಂಬತ್ತಾಗಿ ನಿಲ್ಲಿಸಿ ಆಡಿಸಿದರು. ಅಂದು ಬುಟ್ಟಿಗೆ ಬಿದ್ದುದು ಒಂದೇ ಒಂದು ಚೆಂಡು.

ಆ ಮೇಲೆ ನೈಸ್ಮಿತ್ತರು ಮಾಡಿದ ಕಾರ್ಯವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಹದಿಮೂರು ನಿಯಮಗಳನ್ನೂ 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಬೇಕಾದವರು ಓದಿಕೊಂಡು ಆಡಬಹುದು; ಯಾರ ಅಪ್ಪಣೆಯೂ ಬೇಡ, ಯಾರಿಗೂ ಕಾಣಿಕೆ ಕೊಡಬೇಕಾದುದಿಲ್ಲ. ಆಟದ ಮೇಲೆ ಹಕ್ಕನ್ನು ಅವರು ಸಾಧಿಸಲಿಲ್ಲ. ಅದಕ್ಕೆ ತಮ್ಮ ಹೆಸರನ್ನೇ ಇಡೋಣವೆಂದು ಶಿಷ್ಯನೊಬ್ಬನು ಸೂಚಿಸಿದಾಗ ನಕ್ಕು ಬಿಟ್ಟರು. ಕೆಲವೇ ವಾರಗಳೊಳಗಾಗಿ ಅದೇ ಸಂಸ್ಥಾನದ ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿಯು ಆ ಬರೆಹವನ್ನು ಓದಿ, ತನ್ನ ವಿದ್ಯಾರ್ಥಿನಿಯರಿಗೆ ಒಪ್ಪುವಂತೆ ನಿಯಮಗಳನ್ನು ಮಾರ್ಪಡಿಸಿ, 1893ರ ಮಾರ್ಚಿಯಲ್ಲಿ ಹೆಣ್ಣುಮಕ್ಕಳ ಕಾಲೇಜು ಪಂದ್ಯವನ್ನು ಆಡಿಸಿದಳು. ಯಾವ ಹದಿಮೂರು ನಿಯಮಗಳನ್ನು ಆಚಾರ್ಯರು ಲೋಕಕ್ಕೆ ಬಿಟ್ಟಿಯಾಗಿ ಕೊಟ್ಟರೋ ಅವುಗಳ ಮೂಲ ಕಾಗದವು 2010ರ ಡಿಸೆಂಬರಿನಲ್ಲಿ ಹರಾಜಿಗೆ ಬಂದಾಗ 43 ಲಕ್ಷ ಡಾಲರುಗಳನ್ನು ಮೀರಿದ ಬೆಲೆಗೆ ಹೋಯಿತು. ಆ ಹಾಳೆಗಳು ಈಗ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಇವೆ.

ಆ ವಿಶ್ವವಿದ್ಯಾನಿಲಯಕ್ಕೂ ಈ ಆಟಕ್ಕೂ ಇರುವ ಸಂಬಂಧವು ನೈಸ್ಮಿತ್ತರಿಂದಲೇ ಬಂದುದು. ಡೆನ್ವರ್ ನಗರದಲ್ಲಿ ವೈದ್ಯಪದವಿಯನ್ನು ಪಡೆದು 1898ರಲ್ಲಿ ಅವರು ಕ್ಯಾನ್ಸಸಿಗೆ ಬಂದು ನೆಲಸಿದರು. ಅಲ್ಲಿ 1907ರವರೆಗೆ ತಂಡವನ್ನು ನೋಡಿಕೊಂಡರು. 55 ಪಂದ್ಯಗಳಲ್ಲಿ ಗೆದ್ದು 60ರಲ್ಲಿ ಸೋತರು. ಗೆದ್ದುದಕ್ಕಿಂತ ಹೆಚ್ಚಾಗಿ ಸೋತ ಗುರುವೆಂದರೆ ಆ ವಿಶ್ವವಿದ್ಯಾನಿಲಯದ ಚರಿತ್ರೆಯಲ್ಲಿ ಆಟವನ್ನು ಹುಟ್ಟಿಸಿದವರೊಬ್ಬರೇ. ಇದರಲ್ಲಿ ಹಾಸ್ಯಕ್ಕಿಂತ ತತ್ತ್ವವೇ ಹೆಚ್ಚಾಗಿದೆ. ನೈಸ್ಮಿತ್ತರ ದೃಷ್ಟಿಯಲ್ಲಿ ಇದು ಹುಡುಗರು ಆಡತಕ್ಕ ಆಟ. ಹೊರಗಿನಿಂದ ಒಬ್ಬನು ಆಡಿಸತಕ್ಕುದಲ್ಲ. ಅವರ ಶಿಷ್ಯರಾದ ಫಾರೆಸ್ಟ್ ಅಲೆನ್ನರು ಮಾತ್ರ ಬೇರೆಯಾಗಿ ಯೋಚಿಸಿದರು. ತಾನು ಒಂದು ಕಾಲೇಜಿನಲ್ಲಿ ಈ ಆಟವನ್ನು ಕಲಿಸಲು ಹೋಗುತ್ತೇನೆಂದು ಅವರು ಹೇಳಿದಾಗ, ಇದನ್ನು ಕಲಿಸಲಾಗುವುದಿಲ್ಲ, ಆಡಬಹುದಷ್ಟೆ, ಎಂದು ಗುರುಗಳು ನಕ್ಕರೆಂದು ಪ್ರತೀತಿಯಿದೆ. ಅಲೆನ್ನರು ಎಲುಬು ಸಂದುಗಳನ್ನು ತಿದ್ದಿ ಗುಣಪಡಿಸುವ ಆಸ್ಟಿಯೋಪತಿ ಎಂಬ ಚಿಕಿತ್ಸಾಪದ್ಧತಿಯನ್ನು ಕಲಿತವರು. ಪೆಟ್ಟಾದ ಮೊಣಕಾಲನ್ನು ತಿದ್ದಬಹುದಾದರೆ, ತಪ್ಪಾದ ಹೆಜ್ಜೆಯನ್ನೇಕೆ ತಿದ್ದಬಾರದು ಎಂಬ ಮನೋಧರ್ಮ ಅವರದು. 1907ರಿಂದ ಎರಡು ವರ್ಷ, ಮತ್ತೆ 1919ರಿಂದ 1956ರವರೆಗೆ ಕ್ಯಾನ್ಸಸಿನಲ್ಲಿದ್ದು, ಈ ಆಟಕ್ಕೆ ಗುರುವೊಬ್ಬನು ಬೇಕೆಂಬುದನ್ನು ಅವರು ಸಿದ್ಧಮಾಡಿ ತೋರಿಸಿದರು.

ಮೂರನೆಯವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಾಲ್ಟರ್ ಮೀನ್‌ವೆಲ್ಲರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾದವರು. ಅವರು ತಮ್ಮ ಹುಡುಗರಿಗೆ ಹತ್ತಿರ ಹತ್ತಿರದಿಂದ ಚೆಂಡನ್ನು ಕೈಯಿಂದ ಕೈಗೆ ದಾಟಿಸುವುದನ್ನೂ, ಒಬ್ಬರ ಹಾದಿಯನ್ನೊಬ್ಬರು ಅಡ್ಡಹಾಯ್ದು ಎದುರಾಳಿಯ ಕಾವಲನ್ನು ಕಲಕುವುದನ್ನೂ ಅಳತೆಯಿಟ್ಟು ಕಲಿಸಿದರು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಒಬ್ಬನೇ ಓಡುವ ಡ್ರಿಬ್ಲ್ ಎಂಬ ಕ್ರಿಯೆಯು ಅವರಿಗೆ ಹಿಡಿಸದು. ಅಲೆನ್ನರಿಗೋ ಆ ಪುಟಿತವೇ ಆಟದ ಜೀವಾಳ. 1924ರಲ್ಲಿ ಇಬ್ಬರ ಗ್ರಂಥಗಳೂ ಪ್ರಕಟವಾದುವು: ಮೀನ್‌ವೆಲ್ಲರದು ಆಟದ ಶಾಸ್ತ್ರವೆಂಬ ಹೆಸರಿನದು, ಅಲೆನ್ನರದು ಆಟದ ಬೈಬಲ್ಲೆಂಬ ಹೆಸರಿನದು. ಬೇಸಗೆಯ ರಜದಲ್ಲಿ ಕೋಚುಗಳಿಗಾಗಿಯೇ ನಡೆಯುವ ಶಾಲೆಗಳೂ ಆ ಕಾಲದಲ್ಲಿ ಹುಟ್ಟಿದುವು. ಫುಟ್‌ಬಾಲ್ ಗುರುಗಳಲ್ಲಿ ಪ್ರಖ್ಯಾತರಾಗಿದ್ದ ನೂಟ್ ರಾಕ್ನಿಯವರೊಡನೆ ಮೀನ್‌ವೆಲ್ಲರು ಕೂಡಿ ಅಂಥ ಶಾಲೆಯನ್ನು ನಡೆಸಿದರು. ಹಳ್ಳಿಯ ಹೈಸ್ಕೂಲಿನ ಉಪಾಧ್ಯಾಯನು ಶುಲ್ಕ ಕೊಟ್ಟು ಒಂದೆರಡು ವಾರ ಇದ್ದು, ದೊಡ್ಡ ಗುರುವಿನ ಪದ್ಧತಿಯನ್ನು ಟಿಪ್ಪಣಿ ಪುಸ್ತಕದಲ್ಲಿ ತುಂಬಿಕೊಂಡು ಊರಿಗೆ ಹೋಗುವನು. ವಿದ್ಯೆಯು ಹೀಗೆ ಹರಡಿತು. ಆದರೆ ಒಬ್ಬೊಬ್ಬ ಗುರುವಿನ ಸುತ್ತ ಒಂದೊಂದು ಸಂಪ್ರದಾಯವು ಬೆಳೆಯಿತಲ್ಲದೆ, ಎಲ್ಲರೂ ಕೂಡುವ ಸಭೆಯು ಇನ್ನೂ ಏರ್ಪಟ್ಟಿರಲಿಲ್ಲ.

ಆ ಸಭೆಯು ಹುಟ್ಟಿದುದು ಜಗಳದಿಂದ. 1927ರಲ್ಲಿ ಆಟದ ನಿಯಮಗಳನ್ನು ನಿರ್ಣಯಿಸುವ ಸಮಿತಿಯು, ಆಟಗಾರನು ಚೆಂಡನ್ನು ಒಂದೇ ಒಂದು ಸಾರಿ ಪುಟಿಸಬಹುದೆಂದು ವಿಧಿಸಲು ಹೊರಟಿತು. ಮೀನ್‌ವೆಲ್ಲರು ಆ ಪಕ್ಷದ ಮುಖಂಡರು. ನ್ಯೂಯಾರ್ಕ್ ನಗರದ ಸಿಟಿ ಕಾಲೇಜಿನ ಗುರುವೂ ಸ್ವತಃ ಹೆಸರಾಂತ ಆಟಗಾರರೂ ಆಗಿದ್ದ ನ್ಯಾಟ್ ಹೋಲ್ಮನ್ನರು ಅದನ್ನು ವಿರೋಧಿಸಿದರು. ಅಲೆನ್ನರಂತೂ ದೇಶದ ಕೋಚುಗಳನ್ನೆಲ್ಲ ಎಬ್ಬಿಸಿದರು. ಆಟವನ್ನು ದಿನದಿನವೂ ಕಲಿಸುವವರನ್ನು ಒಂದು ಮಾತು ಕೇಳದೆ ಆಟವನ್ನು ಬದಲಾಯಿಸುವುದು ಯಾವ ನ್ಯಾಯ ಎಂಬುದು ಅವರ ವಾದ. ಆ ವರ್ಷವೇ ಐಯೋವಾ ಸಂಸ್ಥಾನದ ಡಿಮಾಯ್ನ್ ನಗರದಲ್ಲಿ ಕೋಚುಗಳು ಸೇರಿ ಬ್ಯಾಸ್ಕೆಟ್‌ಬಾಲ್ ಕೋಚುಗಳ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿ, ಅಲೆನ್ನರನ್ನೇ ಮೊದಲ ಅಧ್ಯಕ್ಷರನ್ನಾಗಿ ಆರಿಸಿದರು. ನಿಯಮವು ಬಿದ್ದುಹೋಯಿತು, ಪುಟಿತವು ಉಳಿಯಿತು. ಇಂದು ಲೋಕದಲ್ಲೆಲ್ಲ ಮಕ್ಕಳು ಚೆಂಡನ್ನು ಪುಟಿಸುತ್ತ ಓಡುವುದನ್ನು ಕಂಡಾಗ, ಆ ಹಕ್ಕು ಒಂದು ವಸಂತಕಾಲದಲ್ಲಿ ಹೋಗುವುದರಲ್ಲಿತ್ತೆಂದು ಯಾರಿಗೆ ತೋರೀತು? ವಿಗೃಹ್ಯಸಂಭಾಷೆಯಾಗಿ ಮೊದಲಾದುದು ಹೀಗೆ ವರ್ಷಕ್ಕೊಮ್ಮೆ ಕೂಡುವ ಸಂಧಾಯಸಂಭಾಷೆಯಾಗಿ ಪರಿಣಮಿಸಿತು.

ಇಂಥ ಸಭೆಯ ಕ್ರಮವು ಬಹು ಸರಳವಾದುದು. ಒಬ್ಬೊಬ್ಬ ಗುರುವಿಗೆ ಒಂದೊಂದು ವಿಷಯ, ಸುಮಾರು ಒಂದು ಗಂಟೆಯ ಕಾಲ. ಕರಿಹಲಗೆಯ ಮೇಲೆ ಒಂದು ಪಕ್ಷದವರಿಗೆ ಸೊನ್ನೆ, ಇನ್ನೊಂದು ಪಕ್ಷದವರಿಗೆ ಗುಣಾಕಾರದ ಚಿಹ್ನೆ. ಓಟಕ್ಕೆ ಒಂದು ಬಗೆಯ ಗೆರೆ, ಚೆಂಡಿನ ಹಾದಿಗೆ ಇನ್ನೊಂದು ಬಗೆಯ ಗೆರೆ. ಬಳಿಕ ಸ್ಥಳೀಯ ಶಾಲೆಯ ಹುಡುಗರನ್ನು ಅಂಗಣಕ್ಕೆ ಇಳಿಸಿ, ಹಲಗೆಯ ಮೇಲಿನ ಗೆರೆಗಳನ್ನು ಮೈಯಿಂದ ಮಾಡಿಸಿ ತೋರಿಸುವುದು. ಹುಡುಗನು ತಪ್ಪಿದಲ್ಲಿ ನಿಲ್ಲಿಸಿ, ಏಕೆ ತಪ್ಪಿದನೆಂದು ಹೇಳುವುದು. ರೋಗಿಯ ಹಾಸಿಗೆಯ ಬಳಿಯ ಪಾಠವೆಂದರೆ ಇದೇ. ಒಬ್ಬೊಬ್ಬನು ಒಬ್ಬೊಬ್ಬ ಎದುರಾಳಿಯನ್ನು ಕಾಯಬೇಕೆ, ಅಥವಾ ಅಂಗಣವನ್ನು ವಲಯಗಳಾಗಿ ಹಂಚಿಕೊಂಡು ಕಾಯಬೇಕೆ? ಚೆಂಡು ಸಿಕ್ಕೊಡನೆ ಓಡಬೇಕೆ, ಅಥವಾ ತಾಳ್ಮೆಯಿಂದ ಸಂದರ್ಭವನ್ನು ಕಾಯಬೇಕೆ? ಪರ್ಡ್ಯೂ ವಿಶ್ವವಿದ್ಯಾನಿಲಯದ ವಾರ್ಡ್ ಲ್ಯಾಂಬರ್ಟ್ಟರು ವೇಗವಾದಿಗಳು. ಓಕ್ಲಹೋಮಾದ ಹೆನ್ರಿ ಐಬಾ ಅವರು ತಾಳ್ಮೆಯ ಪಕ್ಷದವರು, 1945 ಮತ್ತು 1946ರಲ್ಲಿ ಎರಡು ಸಾರಿ ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದು ತಮ್ಮ ಮತವನ್ನು ಸ್ಥಾಪಿಸಿದವರು. ಸಭೆಯಲ್ಲಿ ಮುಗಿಯದ ವಾದವು ರಾತ್ರಿ ಊಟದ ಮೇಜಿನ ಬಳಿ ಮುಂದುವರಿಯುವುದು. ಉಪ್ಪಿನ ಡಬ್ಬಿಯೂ ಮೆಣಸಿನ ಡಬ್ಬಿಯೂ ಆಟಗಾರರಾಗಿ ಮೇಜಿನ ಮೇಲೆ ಅತ್ತಿತ್ತ ಸರಿದಾಡುವುವು. ನಿಜವಾದ ವಿದ್ಯಾವಿನಿಮಯವು ಅಲ್ಲಿಯೇ ನಡೆಯುವುದೆಂದು ಬಲ್ಲವರ ಅಭಿಪ್ರಾಯ.

ಸಂಘದ ಕಾರ್ಯವು ಹಲಗೆಯ ಬರೆಹದಲ್ಲಿಯೇ ನಿಲ್ಲಲಿಲ್ಲ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ದೊರೆಯಿತು. ಎಪ್ಪತ್ತೈದರ ಸಮೀಪದಲ್ಲಿದ್ದ ನೈಸ್ಮಿತ್ತರಿಗೆ ಅಲ್ಲಿಗೆ ಹೋಗುವಷ್ಟು ಹಣವಿರಲಿಲ್ಲ. ದೇಶದ ಕೋಚುಗಳು ತಮ್ಮ ತಮ್ಮ ಪಂದ್ಯಗಳಲ್ಲಿ ಹಣವೆತ್ತಿ ಆಚಾರ್ಯರನ್ನು ಕಳುಹಿಸಿಕೊಟ್ಟರು. ಬಯಲಿನ ಮಣ್ಣಿನ ಅಂಗಣದಲ್ಲಿ ಮಳೆ ಸುರಿಯುತ್ತಿರಲು ನಡೆದ ಕಡೆಯ ಪಂದ್ಯದಲ್ಲಿ ಅಮೆರಿಕವು ಕೆನಡಾವನ್ನು 19–8ರಿಂದ ಗೆದ್ದಿತು. ಆಚಾರ್ಯರ ಕೈಯಿಂದಲೇ ಪದಕಗಳು ಸಂದುವು. ಒಂದು ದೇಶವು ಅವರು ಹುಟ್ಟಿದುದು, ಇನ್ನೊಂದು ಅವರು ಬಾಳಿದುದು. 1939ರಲ್ಲಿ ಸಂಘವು ಒಹಾಯೋದ ಹೆರಾಲ್ಡ್ ಓಲ್ಸೆನ್ನರ ಮುಂದಾಳುತನದಲ್ಲಿ ಎಂಟು ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸಿತು. ಆರೆಗನ್ ವಿಶ್ವವಿದ್ಯಾನಿಲಯವು ಓಲ್ಸೆನ್ನರ ತಂಡವನ್ನೇ 46–33ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಸಂಘಕ್ಕೆ 2,531 ಡಾಲರುಗಳ ನಷ್ಟವಾಯಿತು. ಆ ನಷ್ಟವನ್ನು ತುಂಬಿಕೊಟ್ಟು ಪಂದ್ಯಾವಳಿಯನ್ನು ವಹಿಸಿಕೊಂಡ ಕಾಲೇಜು ಕ್ರೀಡಾಸಂಘವಾದ ಎನ್. ಸಿ. ಎ. ಎ.ಯು ಇಂದು ಅದರಿಂದ ಕೋಟಿಗಟ್ಟಲೆ ಡಾಲರುಗಳನ್ನು ಗಳಿಸುತ್ತಿದೆ. ನೈಸ್ಮಿತ್ತರು ಅದೇ ವರ್ಷದ ನವೆಂಬರ್ 28ರಂದು ಕಾಲವಾದರು.

ವ್ಯಾಪಾರಿಗಳೂ ಈ ವಿದ್ಯಾದಾನದ ನಡುವೆ ಬಂದು ಸೇರಿದರು. ಕಾನ್ವರ್ಸ್ ಎಂಬ ರಬ್ಬರ್ ಪಾದರಕ್ಷೆಯ ಕಂಪೆನಿಯಲ್ಲಿದ್ದ ಚಕ್ ಟೇಲರ್ ಎಂಬ ಆಟಗಾರರು 1922ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಮೊದಲುಮಾಡಿ, ದಶಕಗಳ ಕಾಲ ಊರೂರು ತಿರುಗಿ ಶಾಲೆಕಾಲೇಜುಗಳಲ್ಲಿ ಕ್ಲಿನಿಕ್ಕುಗಳನ್ನು ನಡೆಸಿದರು. ಪಾಠ ಮುಗಿದ ಮೇಲೆ ಊರಿನ ಅಂಗಡಿಗಳಲ್ಲಿ ಪಾದರಕ್ಷೆಗಳು ಮಾರಾಟವಾಗುತ್ತಿದ್ದುವು. ಬಯಲಾದ ವಿದ್ಯೆಗೂ ಬೆಲೆಯ ಚೀಟಿ ಅಂಟುವುದಕ್ಕೆ ಮೊದಲಾದುದು ಹೀಗೆ. ಆದರೂ ದೊಡ್ಡ ಕಾಲೇಜಿನ ಮೆಟ್ಟಿಲನ್ನು ಎಂದಿಗೂ ಹತ್ತದ ಹಳ್ಳಿಯ ಹುಡುಗನು ಚೆಂಡನ್ನು ಸರಿಯಾಗಿ ಎಸೆಯುವುದನ್ನು ಕಲಿತುದು ಅನೇಕ ಕಡೆಗಳಲ್ಲಿ ಇಂಥ ವ್ಯಾಪಾರಿಯ ಕ್ಲಿನಿಕ್ಕಿನಿಂದಲೇ ಎಂಬುದನ್ನು ಮರೆಯಲಾಗದು.

ವಿದ್ವತ್ಸಭೆಗಳಿಗೆ ಸಹಜವಾದ ದೋಷವು ಇವಕ್ಕೂ ತಪ್ಪಲಿಲ್ಲ. ಹತ್ತು ಮಂದಿ ಹಿರಿಯರು ಒಪ್ಪಿದುದೇ ಶಾಸ್ತ್ರವೆನಿಸುವುದು. ದೂರದಿಂದ ಬುಟ್ಟಿಗೆ ಗುರಿಯಿಡುವಾಗ ಎರಡು ಕೈಗಳನ್ನೂ ಹಚ್ಚಿ ಎಸೆಯಬೇಕೆಂಬುದು ಪೂರ್ವತೀರದ ಗುರುಗಳ ದೃಢವಾದ ಮತವಾಗಿತ್ತು. 1936ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಿಂದ ಬಂದ ಹ್ಯಾಂಕ್ ಲ್ವಿಸೆಟ್ಟಿ ಎಂಬ ವಿದ್ಯಾರ್ಥಿಯು ಒಂದೇ ಕೈಯಿಂದ, ಓಡುತ್ತಲೇ ಚೆಂಡನ್ನೆಸೆದು ತೋರಿಸಿದನು. ಸತತವಾಗಿ 43 ಪಂದ್ಯಗಳನ್ನು ಗೆದ್ದಿದ್ದ ಲಾಂಗ್ ಐಲೆಂಡ್ ವಿಶ್ವವಿದ್ಯಾನಿಲಯದ ತಂಡವು ಅಂದು 45–31ರಿಂದ ಸೋತಿತು. ಹೋಲ್ಮನ್ನರಂಥ ಪ್ರೌಢರಿಗೂ ಆ ಎಸೆತವು ರುಚಿಸಲಿಲ್ಲ. ಆದರೆ ಕೆಲವು ವರ್ಷಗಳೊಳಗಾಗಿ ಅದೇ ಎಲ್ಲೆಡೆಯೂ ಪಾಠವಾಯಿತು. ಗುರುಸಭೆಗೆ ಶಿಷ್ಯನು ಹೇಳಿದ ಪಾಠವದು.

ಇದಕ್ಕಿಂತ ದೊಡ್ಡ ದೋಷವು ಇನ್ನೊಂದಿತ್ತು. ಅದನ್ನು ಹೇಳದಿದ್ದರೆ ಈ ಚರಿತ್ರೆಯು ಸತ್ಯವಾಗದು. ಸಭೆಯಲ್ಲಿ ವಿದ್ಯೆಯನ್ನು ಬಿಚ್ಚಿದರು, ನಿಜ. ಸಭೆಯ ಬಾಗಿಲನ್ನು ಎಲ್ಲರಿಗೂ ಬಿಚ್ಚಿದ್ದರೆ? ಜಾನ್ ಮೆಕ್ಲೆಂಡನ್ ಎಂಬ ನೀಗ್ರೋ ಕುಲದ ಯುವಕರು 1933ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಈ ಆಟದ ಗುರುವಾಗಬೇಕೆಂಬುದೇ ಅವರ ಹಂಬಲ. ಆದರೆ ಅಲೆನ್ನರ ತಂಡದಲ್ಲಿ ಕರಿಯರಿಗೆ ಎಡೆಯಿರಲಿಲ್ಲ; ಆ ಕಟ್ಟಳೆಯು ಸಡಿಲವಾದುದು 1951ರಲ್ಲಿ. ಮುಪ್ಪಿನಲ್ಲಿದ್ದ ನೈಸ್ಮಿತ್ತರು ಆ ಹುಡುಗನನ್ನು ತಮ್ಮ ಶಿಷ್ಯನನ್ನಾಗಿ ಸ್ವೀಕರಿಸಿದರು. ಆಟವು ಅಂಗಣದ ಅರ್ಧದಲ್ಲಿ ನಡೆಯತಕ್ಕುದಲ್ಲ. ಚೆಂಡು ಎಲ್ಲಿರುವುದೋ ಅಲ್ಲಿಯೇ ಕಾವಲೂ ಆಕ್ರಮಣವೂ ಮೊದಲಾಗಬೇಕು ಎಂಬ ಅವರ ಸೂತ್ರವನ್ನು ಮೆಕ್ಲೆಂಡನ್ನರು ಮನಸ್ಸಿನಲ್ಲಿಟ್ಟುಕೊಂಡು, 1936ರಲ್ಲಿ ಪದವಿಯನ್ನು ಪಡೆದು, ಉತ್ತರ ಕ್ಯಾರೊಲಿನಾದ ಡರ್ಹಮ್ ನಗರದಲ್ಲಿ ನೀಗ್ರೋ ವಿದ್ಯಾರ್ಥಿಗಳಿಗಾಗಿ ಇದ್ದ ಕಾಲೇಜಿಗೆ ಹೋದರು. ಗುರುವಿನ ಸೂತ್ರಕ್ಕೆ ಶಿಷ್ಯರು ಬರೆದ ಭಾಷ್ಯವೇ ಅವರ ವೇಗದ ಆಟ. ಕಲಿಸಲಾಗದು ಎಂದು ನಕ್ಕ ಆಚಾರ್ಯರು, ಎಲ್ಲರೂ ಹೊರಗಿಟ್ಟ ಹುಡುಗನಿಗೆ ಕಲಿಸಿದರೆಂಬುದು ಆಟದ ಚರಿತ್ರೆಯ ಪುಣ್ಯವಿಶೇಷ.

ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಅಂಗಣದಲ್ಲಿ ಆಡಕೂಡದೆಂಬ ಕಟ್ಟು ಬಲವಾಗಿತ್ತು. 1944ರ ಮಾರ್ಚ್ 12, ಭಾನುವಾರ. ಊರಿನವರು ಬೆಳಗಿನ ಪ್ರಾರ್ಥನೆಗೆ ಇಗರ್ಜಿಗಳಿಗೆ ಹೋಗಿದ್ದ ಹೊತ್ತಿನಲ್ಲಿ, ಅದೇ ನಗರದ ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯವಿದ್ಯಾರ್ಥಿಗಳ ತಂಡವು ಮೆಕ್ಲೆಂಡನ್ನರ ವ್ಯಾಯಾಮಶಾಲೆಗೆ ಗುಟ್ಟಾಗಿ ಬಂದಿತು. ಬಾಗಿಲುಗಳನ್ನು ಹಾಕಿದರು. ಪ್ರೇಕ್ಷಕರಿಲ್ಲ, ಪತ್ರಿಕೆಯವರಿಲ್ಲ. ಆಟ ಮುಗಿಯುವಾಗ ಲೆಕ್ಕವು 88–44. ಮೆಕ್ಲೆಂಡನ್ನರ ಹುಡುಗರು ಎರಡರಷ್ಟು ಗಳಿಸಿ ಗೆದ್ದಿದ್ದರು. ಅಷ್ಟಕ್ಕೇ ಅವರು ಚದುರಲಿಲ್ಲ. ಎರಡು ತಂಡಗಳ ಹುಡುಗರನ್ನೂ ಬೆರಸಿ, ಬಿಳಿಯರು ಕರಿಯರು ಒಂದೇ ಪಕ್ಷದಲ್ಲಿ ನಿಂತು ಮತ್ತೊಂದು ಆಟವನ್ನಾಡಿದರು. ಆ ಸುದ್ದಿಯು ಅರ್ಧಶತಮಾನದ ಕಾಲ ಹೊರಬೀಳದೆ 1996ರಲ್ಲಿ ಅಚ್ಚಿನಲ್ಲಿ ಬಂದಿತು. ಹಲಗೆಯಿಲ್ಲದೆ ಉಪನ್ಯಾಸವಿಲ್ಲದೆ, ಬಾಗಿಲು ಹಾಕಿ ನಡೆದ ಆ ಎರಡನೆಯ ಆಟಕ್ಕಿಂತ ಉತ್ತಮವಾದ ಸಂಧಾಯಸಂಭಾಷೆಯು ಇನ್ನೊಂದಿದ್ದೀತೆ? ತೆರೆದ ಬಾಗಿಲಿನ ಸಭೆಗಳಲ್ಲಿ ಸಿಕ್ಕದುದು ಅಂದು ಮುಚ್ಚಿದ ಬಾಗಿಲಿನ ಹಿಂದೆ ಸಿಕ್ಕಿತು.

ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದುವು. ಸಣ್ಣ ಕಾಲೇಜುಗಳ ಸಂಘವೊಂದು 1953ರಲ್ಲಿ ನೀಗ್ರೋ ಕಾಲೇಜುಗಳನ್ನು ತನ್ನ ಪಂದ್ಯಾವಳಿಗೆ ಸೇರಿಸಿಕೊಂಡಿತು. ಅದಕ್ಕಾಗಿ ದುಡಿದವರಲ್ಲಿ ಮೆಕ್ಲೆಂಡನ್ನರು ಪ್ರಮುಖರು. ಟೆನೆಸೀ ಸಂಸ್ಥಾನದ ಕಾಲೇಜಿನ ಗುರುವಾಗಿ ಅದೇ ಪಂದ್ಯಾವಳಿಯನ್ನು 1957, 1958, 1959ರಲ್ಲಿ ಮೂರು ಸಾರಿ ಸಾಲಾಗಿ ಗೆದ್ದರು. 1966ರಲ್ಲಿ ಕ್ಲೀವ್‌ಲೆಂಡ್ ಸಂಸ್ಥಾನ ವಿಶ್ವವಿದ್ಯಾನಿಲಯದ ಗುರುಪೀಠವು ಅವರಿಗೆ ದೊರೆಯಿತು. ಸ್ಪ್ರಿಂಗ್‌ಫೀಲ್ಡಿನಲ್ಲಿ ನೈಸ್ಮಿತ್ತರ ಹೆಸರಿನಲ್ಲಿರುವ ಕೀರ್ತಿಭವನದಲ್ಲಿ 1979ರಲ್ಲಿ ಅವರಿಗೆ ಆಟದ ಉಪಕಾರಿಯೆಂಬ ಗೌರವವು ಸಂದಿತು. ಕೋಚ್ ಎಂಬ ಹೆಸರಿನಿಂದಲೇ ಸ್ಥಾನ ಸಂದುದು 2016ರಲ್ಲಿ, ಅವರು ಗತಿಸಿ ಹದಿನೇಳು ವರ್ಷಗಳಾದ ಮೇಲೆ.

ವಿದ್ಯೆಗೆ ಮಾತ್ರ ಇಂಥ ಕಾಲವಿಳಂಬವಿಲ್ಲ, ಗೋಡೆಗಳೂ ಇಲ್ಲ. ಗೆಲ್ಲುವ ಸ್ಥಿತಿಯಲ್ಲಿರುವ ತಂಡವು ಆಟಗಾರರನ್ನು ಅಂಗಣದ ಮೂಲೆಗಳಿಗೆ ಹರಡಿ, ನಡುವೆ ಬಯಲು ಮಾಡಿ, ಚೆಂಡನ್ನು ಎದುರಾಳಿಗೆ ಸಿಕ್ಕದಂತೆ ಇಟ್ಟುಕೊಳ್ಳುವ ಒಂದು ವಿನ್ಯಾಸವನ್ನು ಮೆಕ್ಲೆಂಡನ್ನರು ಮೊದಲೇ ಉಪಯೋಗಿಸಿದ್ದರು. ಬಳಿಕ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಡೀನ್ ಸ್ಮಿತ್ತರು, ಅಲೆನ್ನರ ಶಿಷ್ಯರಾಗಿ 1952ರ ಗೆದ್ದ ತಂಡದಲ್ಲಿದ್ದವರು, ಅದೇ ಬಗೆಯ ವಿನ್ಯಾಸವನ್ನು ನಾಲ್ಕು ಮೂಲೆಗಳ ಆಟವೆಂಬ ಹೆಸರಿನಿಂದ ಪ್ರಸಿದ್ಧಿಗೆ ತಂದರು. ಅದು ಎಷ್ಟು ಹರಡಿತೆಂದರೆ, ಪ್ರೇಕ್ಷಕರು ಬೇಸತ್ತು, 45 ಸೆಕೆಂಡುಗಳೊಳಗಾಗಿ ಬುಟ್ಟಿಗೆ ಗುರಿಯಿಡಬೇಕೆಂಬ ನಿಯಮವನ್ನು 1985–86ರ ಋತುವಿನಲ್ಲಿ ಕಾಲೇಜುಗಳು ತರಬೇಕಾಯಿತು. ತಂಡದಿಂದ ಹೊರಗಿಟ್ಟ ಒಬ್ಬ ವಿದ್ಯಾರ್ಥಿಯ ಆಲೋಚನೆಯು ಹೀಗೆ ಆಟದ ಗಡಿಯಾರವನ್ನೇ ಬದಲಿಸಿದವುಗಳಲ್ಲಿ ಒಂದಾಯಿತು.

ಇಷ್ಟೆಲ್ಲ ಬಿಚ್ಚಿ ಹೇಳಿದರೆ ಹೇಳಿದವನಿಗೆ ನಷ್ಟವಾಗದೆ? ಈ ಸಂಶಯಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. ಟೆಕ್ಸ್ ವಿಂಟರ್ ಎಂಬ ಗುರುಗಳು ತ್ರಿಕೋಣಾಕಾರದ ಆಕ್ರಮಣಪದ್ಧತಿಯನ್ನು 1962ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದರು. ಯಾರು ಬೇಕಾದರೂ ಕೊಂಡು ಓದಬಹುದಾಗಿತ್ತು. ಆದರೆ ಸುಮಾರು ಮೂವತ್ತು ವರ್ಷಗಳ ತರುವಾಯ ಶಿಕಾಗೋ ನಗರದ ವೃತ್ತಿತಂಡವು ಅದೇ ವಿಂಟರರ ಸಹಾಯದಿಂದ ಅದೇ ಪದ್ಧತಿಯಲ್ಲಿ 1991ರಿಂದ 1998ರೊಳಗೆ ಆರು ಪ್ರಶಸ್ತಿಗಳನ್ನು ಗೆದ್ದಿತು. ಸೂತ್ರವು ಪುಸ್ತಕದಲ್ಲಿತ್ತು, ಅಭ್ಯಾಸವು ಪುಸ್ತಕದಲ್ಲಿರಲಿಲ್ಲ. ಲಾಸ್ ಏಂಜಲೀಸಿನ ಯು. ಸಿ. ಎಲ್. ಎ. ವಿಶ್ವವಿದ್ಯಾನಿಲಯದ ಜಾನ್ ವುಡನ್ನರ ನಿದರ್ಶನವು ಇನ್ನೂ ಸ್ಪಷ್ಟವಾದುದು. ಲ್ಯಾಂಬರ್ಟ್ಟರ ಶಿಷ್ಯರಾದ ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಮೇಷ್ಟರು. 1948ರಲ್ಲಿ ಆ ವಿಶ್ವವಿದ್ಯಾನಿಲಯಕ್ಕೆ ಬಂದು, ಹದಿನಾರನೆಯ ಋತುವಿನಲ್ಲಿ, ಎಂದರೆ 1964ರಲ್ಲಿ, ಮೊದಲ ರಾಷ್ಟ್ರಪ್ರಶಸ್ತಿಯನ್ನು ಪಡೆದರು. 1975ರಲ್ಲಿ ನಿವೃತ್ತರಾಗುವ ವೇಳೆಗೆ ಹತ್ತನೆಯದನ್ನು. ಪ್ರತಿವರ್ಷವೂ ಋತು ಮುಗಿದ ಮೇಲೆ ಆಟದ ಒಂದೇ ಒಂದು ಅಂಗವನ್ನು ಆರಿಸಿಕೊಂಡು, ಅದರ ವಿಷಯದಲ್ಲಿ ದೊರೆಯುವುದನ್ನೆಲ್ಲ ಓದಿ, ಅದರಲ್ಲಿ ನಿಪುಣರೆನಿಸಿದ ಗುರುಗಳಿಗೆ ಪ್ರಶ್ನೆಗಳನ್ನು ಬರೆದು ಕಳುಹಿಸಿ, ಉತ್ತರಗಳನ್ನು ಸಂಗ್ರಹಿಸುವುದು ಅವರ ಪದ್ಧತಿ. ಹತ್ತು ಸಾರಿ ಗೆದ್ದವರು ಹೀಗೆ ವಿದ್ಯಾರ್ಥಿಯಾಗಿ ಉಳಿದರು. ಅವರೂ ಹೊಸ ಹುಡುಗರಿಗೆ ಮೊದಲ ದಿನ ಕಲಿಸುತ್ತಿದ್ದುದು ಕಾಲುಚೀಲವನ್ನು ಸುಕ್ಕಿಲ್ಲದೆ ಹಾಕಿಕೊಳ್ಳುವುದನ್ನು. ಸುಕ್ಕಿನಿಂದ ಬೊಬ್ಬೆ, ಬೊಬ್ಬೆಯಿಂದ ಸೋಲು. ಇದರಲ್ಲಿ ಕದಿಯತಕ್ಕ ಗುಟ್ಟಾದರೂ ಏನಿದೆ? ಕೇಳಿದವರು ನೂರಾರು ಮಂದಿ. ಬಿಡದೆ ಆಚರಿಸುವವರು ವಿರಳ.

ಕ್ಯಾಲಿಫೋರ್ನಿಯದ ಪೀಟ್ ನ್ಯೂವೆಲ್ಲರನ್ನು ನೆನೆಯದೆ ಈ ಪ್ರಸ್ತಾಪವನ್ನು ಮುಗಿಸಲಾಗದು. 1959ರಲ್ಲಿ ಕಾಲೇಜುಗಳ ಪ್ರಶಸ್ತಿಯನ್ನೂ 1960ರಲ್ಲಿ ಒಲಿಂಪಿಕ್ ಸ್ವರ್ಣವನ್ನೂ ಗೆದ್ದ ಅವರು ಆ ಮೇಲೆ ತಂಡ ಕಟ್ಟುವುದನ್ನು ಬಿಟ್ಟರು. 1976ರಿಂದ ಎತ್ತರದ ಆಟಗಾರರಿಗಾಗಿ ಬೇಸಗೆಯ ಶಿಬಿರವೊಂದನ್ನು ನಡೆಸಿ, ಹೆಜ್ಜೆಯಿಡುವ ಕ್ರಮವನ್ನು ಕಲಿಸಿದರು. ಕಲಿತವರಲ್ಲಿ ಲಕ್ಷಾಂತರ ಡಾಲರುಗಳ ವೇತನವನ್ನು ಪಡೆಯುತ್ತಿದ್ದ ವೃತ್ತಿಯಾಟಗಾರರು ಅನೇಕರಿದ್ದರು. ನ್ಯೂವೆಲ್ಲರು ಆ ಪಾಠಕ್ಕೆ ಪ್ರತಿಫಲವನ್ನು ತೆಗೆದುಕೊಳ್ಳಲಿಲ್ಲ. ಆಟಕ್ಕೆ ತಾನೇ ಋಣಿಯೆಂಬುದು ಅವರ ಭಾವನೆ. ಸೇನಾಪತಿಯು ಆಯುಧವನ್ನು ಕೆಳಗಿಟ್ಟ ಮೇಲೆ ಉಳಿದ ವೈದ್ಯನ ರೂಪವದು.

ಈ ವಿದ್ಯೆಯ ಒಂದು ಕವಲು ಭಾರತಕ್ಕೂ ಬಂದಿದೆ. 1891ರ ಮೊದಲ ಆಟದಲ್ಲಿ ಒಂದು ಪಕ್ಷದ ನಾಯಕನಾಗಿದ್ದ ಡಂಕನ್ ಪ್ಯಾಟನ್ನರೇ 1894ರಲ್ಲಿ ಆಟವನ್ನು ಈ ದೇಶಕ್ಕೆ ತಂದರೆಂದು ಹೇಳುತ್ತಾರೆ. ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ಕರು 1920ರಲ್ಲಿ ಮದ್ರಾಸಿನಲ್ಲಿ ವೈ. ಎಂ. ಸಿ. ಎ.ಯ ದೈಹಿಕ ಶಿಕ್ಷಣಶಾಲೆಯನ್ನು ಸ್ಥಾಪಿಸಿದರು. ಉಪಾಧ್ಯಾಯರಿಗೆ ಆಟವನ್ನು ಕಲಿಸಿ, ಅವರ ಮೂಲಕ ಊರೂರಿನ ಹುಡುಗರಿಗೆ ತಲಪಿಸುವುದೇ ಅಲ್ಲಿಯ ಕ್ರಮ. ದಕ್ಷಿಣದ ಹೈಸ್ಕೂಲುಗಳ ಅಂಗಣಗಳಲ್ಲಿ ಎರಡು ಕಂಬಗಳು ನಿಂತುದರಲ್ಲಿ ಆ ಶಾಲೆಯ ಪಾಲು ದೊಡ್ಡದು. 1961ರಲ್ಲಿ ಪಟಿಯಾಲದಲ್ಲಿ ಕೋಚುಗಳನ್ನು ತಯಾರಿಸುವ ರಾಷ್ಟ್ರೀಯ ಸಂಸ್ಥೆಯು ತೆರೆಯಿತು. ಅದರ ದಕ್ಷಿಣ ಕೇಂದ್ರವು ಬೆಂಗಳೂರಿನಲ್ಲಿ ಏರ್ಪಟ್ಟಿತು. 2017ರಲ್ಲಿ ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯದ ಮಹಿಳೆಯರ ಪಂದ್ಯಾವಳಿ ನಡೆದಾಗ, ಭಾರತದ ಹೆಣ್ಣುಮಕ್ಕಳು ಎರಡನೆಯ ವಿಭಾಗದ ಕಡೆಯ ಪಂದ್ಯದಲ್ಲಿ ಕಜಾಕಿಸ್ತಾನವನ್ನು 75–73ರಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿದರು. ಸೆಂಡಾ ಬೆರೆನ್ಸನ್ ಪತ್ರಿಕೆಯಲ್ಲಿ ಓದಿ ಕಲಿಸಿದ ಆಟವು ನೂರಿಪ್ಪತ್ತೈದು ವರ್ಷಗಳಲ್ಲಿ ಅಷ್ಟು ದೂರ ನಡೆದಿತ್ತು.

ಡಿಮಾಯ್ನಿನಲ್ಲಿ ಹುಟ್ಟಿದ ಸಂಘವು ಇಂದಿಗೂ ಪ್ರತಿವರ್ಷ ರಾಷ್ಟ್ರೀಯ ಪಂದ್ಯಾವಳಿಯ ಕಡೆಯ ಪಂದ್ಯಗಳು ನಡೆಯುವ ನಗರದಲ್ಲಿಯೇ ಕೂಡುತ್ತದೆ. ಕ್ರೀಡಾಂಗಣದಲ್ಲಿ ಸೇನಾಪತಿಗಳ ಯುದ್ಧ; ಅದೇ ಊರಿನ ಸಭಾಮಂದಿರದಲ್ಲಿ ವೈದ್ಯರ ಸಂಭಾಷೆ. ಎರಡೂ ಒಂದೇ ಜನರಿಂದ ನಡೆಯುವುದು ವಿರೋಧಾಭಾಸವಲ್ಲ. ಎದುರಾಳಿಯು ಬಲಹೀನನಾದರೆ ಆಟವೇ ಇಲ್ಲ. ಆದಕಾರಣ ಎದುರಾಳಿಗೆ ಕಲಿಸುವುದೂ ಆಟದ ಒಂದು ಅಂಗವೇ ಸರಿ. ಆದರೆ ಕಲಿಸುವವನ ಔದಾರ್ಯವನ್ನು ಅಳೆಯತಕ್ಕುದು ಅವನು ಹಲಗೆಯ ಮೇಲೆ ಎಷ್ಟು ಗೆರೆಗಳನ್ನೆಳೆದನೆಂಬುದರಿಂದಲ್ಲ, ಕೇಳುವುದಕ್ಕೆ ಯಾರನ್ನು ಒಳಗೆ ಬಿಟ್ಟನೆಂಬುದರಿಂದ. ಈ ಅಳತೆಯಲ್ಲಿ, ಐದು ಪಂದ್ಯ ಹೆಚ್ಚಾಗಿ ಸೋತ ಕ್ಯಾನ್ಸಸಿನ ಮುದಿ ವೈದ್ಯರು ತಮ್ಮ ಶಿಷ್ಯಪರಂಪರೆಯ ವಿಜಯಿಗಳೆಲ್ಲರಿಗಿಂತಲೂ ಮೇಲೆಯೇ ನಿಲ್ಲುತ್ತಾರೆ.